ಚೀತಾ, ಚೇತಕ್: ಹಳೆಯ ಹೆಲಿಕಾಪ್ಟರನ್ನು ನಾವು ಹಾರಾಟಕ್ಕೆ ಸಿದ್ಧವಾಗಿಟ್ಟ ಬಗೆ

ಚೀತಾ ಹೆಲಿಕಾಪ್ಟರಿನ ಪಕ್ಕ ನಿಂತರೆ ಅದರ ಒಳಗಿನದೆಲ್ಲ ಹೊರಗೇ ಕಾಣುತ್ತದೆ. ಎಂಜಿನ್ನಿಗೆ ಮುಚ್ಚಳವಿಲ್ಲ, ಮುಖ್ಯ ಗೇರ್‌ಬಾಕ್ಸಿನ ಹಿಂದೆ ಬಯಲಲ್ಲೇ ಕೂತಿರುತ್ತದೆ. ಬಾಲ ಅಂದರೆ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಜಾಲರಿ. ಟೈಲ್ ರೋಟರಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಆ ಜಾಲರಿಯ ಬೆನ್ನ ಮೇಲೆ ಹಾಗೇ ಹಾದುಹೋಗುತ್ತದೆ. ಇದರ ಮೇಲೆ ಕೆಲಸ ಮಾಡಿ ನಿವೃತ್ತರಾದ ನಮ್ಮಂಥ ತಂತ್ರಜ್ಞರಿಗೆ ಇಷ್ಟೊಂದು ಮಮತೆ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು: ಈ ಯಂತ್ರ ಏನನ್ನೂ ಮುಚ್ಚಿಡುವುದಿಲ್ಲ. ಎಲ್ಲಿ ಸವೆದಿದೆ, ಎಲ್ಲಿ ಸೋರಿದೆ ಎಂಬುದನ್ನು ಕಣ್ಣಿಂದ ನೋಡಬಹುದು, ಬೆರಳಿಂದ ಮುಟ್ಟಬಹುದು. ನೋಡುವ ವ್ಯವಧಾನ ಇದ್ದವನಿಗೆ ಅದು ಮೋಸ ಮಾಡುವುದು ಕಡಿಮೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಚೇತಕ್ ಅಂದರೆ ಫ್ರಾನ್ಸಿನ ಅಲುವೆಟ್ 3. ಪರವಾನಗಿ ಒಪ್ಪಂದ ಆದದ್ದು 1962ರಲ್ಲಿ, ಬೆಂಗಳೂರಿನ ಎಚ್‌ಎಎಲ್‌ನಿಂದ ಮೊದಲ ಚೇತಕ್ ಹೊರಬಂದದ್ದು 1965ರಲ್ಲಿ. ಚೀತಾ ಹುಟ್ಟಿದ್ದೇ ನಮ್ಮ ಸೇನೆಯ ಬೇಡಿಕೆಯಿಂದ. ಹಿಮಾಲಯದ ಎತ್ತರಕ್ಕೆ ಹಗುರವಾದ, ಬಲವಾದ ಹೆಲಿಕಾಪ್ಟರ್ ಬೇಕೆಂದು 1968ರಲ್ಲಿ ಕೇಳಿದಾಗ ಫ್ರೆಂಚರು ಅಲುವೆಟ್ 2ರ ಹಗುರ ದೇಹಕ್ಕೆ ಅಲುವೆಟ್ 3ರ ಎಂಜಿನ್ ಮತ್ತು ರೋಟರ್ ಕೂಡಿಸಿ 'ಲಾಮಾ' ಮಾಡಿದರು. ಎಚ್‌ಎಎಲ್ ಕಟ್ಟಿದ ಲಾಮಾವೇ ಚೀತಾ. ಮೊದಲನೆಯದು ಹಾರಿದ್ದು 1972ರ ಅಕ್ಟೋಬರ್ 6ರಂದು. ಅದೇ ವರ್ಷ ಜೂನ್ 21ರಂದು ಫ್ರೆಂಚ್ ಪೈಲಟ್ ಜಾನ್ ಬುಲೆ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದಿದ್ದರು. ಅಷ್ಟು ಎತ್ತರದಲ್ಲಿ ಎಂಜಿನ್ ಆರಿಹೋಯಿತು. ಅಲ್ಲಿಂದ ನೆಲದವರೆಗೂ ಬರೀ ಆಟೋರೊಟೇಶನ್‌ನಲ್ಲಿ, ಅಂದರೆ ಎಂಜಿನ್ ಇಲ್ಲದೆ ಗಾಳಿಗೇ ತಿರುಗುವ ರೋಟರಿನ ಬಲದಲ್ಲಿ, ಇಳಿಸಿದರು.

ಚೀತಾ, ಚೇತಕ್ ಎರಡಕ್ಕೂ ಒಂದೇ ಬಗೆಯ ಎಂಜಿನ್, ಆರ್ಟೂಸ್ಟ್ 3ಬಿ. ಇದು ಒಂದೇ ಶಾಫ್ಟಿನ ಟರ್ಬೈನ್. ಕಂಪ್ರೆಸರ್, ಟರ್ಬೈನ್ ಎಲ್ಲ ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ 33,500 ಸುತ್ತು ತಿರುಗುತ್ತವೆ, ಹಾರುವಾಗ ಆ ವೇಗ ಬದಲಾಗುವುದಿಲ್ಲ. ಪೈಲಟ್ ಕಲೆಕ್ಟಿವ್, ಅಂದರೆ ಎಲ್ಲ ಬ್ಲೇಡ್‌ಗಳ ಓರೆಯನ್ನು ಒಟ್ಟಿಗೆ ಬದಲಿಸುವ ಸನ್ನೆ, ಎತ್ತಿದರೆ ವೇಗ ಕಾಯುವ ಗವರ್ನರ್ ತಾನಾಗಿ ಇಂಧನ ಹೆಚ್ಚಿಸುತ್ತದೆ. ಎಂಜಿನ್ ಆಗಲೇ ಪೂರ್ತಿ ವೇಗದಲ್ಲಿರುವುದರಿಂದ ಶಕ್ತಿ ತಕ್ಷಣ ಸಿಗುತ್ತದೆ, ಕಾಯಬೇಕಿಲ್ಲ. ಪರ್ವತದಲ್ಲಿ ಹಾರಿದ ಪೈಲಟ್‌ಗಳು ಇದನ್ನು ಹೊಗಳುವುದು ಸುಮ್ಮನೆ ಅಲ್ಲ. ಇದಕ್ಕೆ ಬೆಲೆಯೂ ಇದೆ: ನೆಲದ ಮೇಲೆ ನಿಂತಿದ್ದರೂ ಕಿವಿ ಕಿತ್ತುಹೋಗುವ ಸದ್ದು, ಇಂಧನದ ಖರ್ಚೂ ಹೆಚ್ಚು. 575 ಲೀಟರಿನ ಟ್ಯಾಂಕ್ ಸುಮಾರು ಮೂರು ಗಂಟೆಗೆ ಬರಿದಾಗುತ್ತದೆ.

ಇಂಧನ ಹೋಗುವ ದಾರಿಯೂ ಬೇರೆ. ಟೊಳ್ಳು ಶಾಫ್ಟಿನ ಮೂಲಕ ಹೋಗಿ, ತಿರುಗುವ ಚಕ್ರವೊಂದರಿಂದ ಹೊರಕ್ಕೆ ಸಿಡಿದು ದಹನ ಕೋಣೆ ಸೇರುತ್ತದೆ. ಹಾಗಾಗಿ ಮುಖ್ಯ ನಾಜಲ್‌ಗಳು ಕಟ್ಟಿಕೊಳ್ಳುವ ಕಾಟವೇ ಇಲ್ಲ. ಕಟ್ಟಿಕೊಳ್ಳುವುದು ಸ್ಟಾರ್ಟಿಂಗ್ ಇಂಜೆಕ್ಟರ್. ಎಂಜಿನ್ ಸುತ್ತುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಅಂದರೆ ನಾವು ಮೊದಲು ಬಿಚ್ಚುತ್ತಿದ್ದದ್ದು ಅದನ್ನೇ. ತುದಿಯಲ್ಲಿ ಮಸಿ ಗಟ್ಟಿಯಾಗಿ ಕೂತಿರುತ್ತದೆ.

ಬೆಳಗಿನ ಫಸ್ಟ್ ಫ್ಲೈಟ್ ಸರ್ವಿಸಿಂಗ್ ಮೂಗಿನಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ಸುತ್ತು ಬಂದು ಮೂಗಿನಲ್ಲೇ ಮುಗಿಸಬೇಕು. ನಡುವೆ ಯಾರಾದರೂ ಕರೆದರೆ ಹೋಗಿ ಬನ್ನಿ, ಆದರೆ ನಿಲ್ಲಿಸಿದ ಜಾಗದಿಂದಲ್ಲ, ಒಂದು ಹಂತ ಹಿಂದಿನಿಂದ ಮತ್ತೆ ಶುರು ಮಾಡಿ. ಕಾಕ್‌ಪಿಟ್ಟಿನ ಮುಂದಿನ ಪಾರದರ್ಶಕ ಗುಳ್ಳೆಯನ್ನು ಒಣಬಟ್ಟೆಯಿಂದ ಒರೆಸಲೇಬಾರದು. ಮೊದಲು ನೀರು ಹರಿಸಿ ಧೂಳು ಇಳಿಸಿ, ಆಮೇಲೆ ಮೆತ್ತನೆಯ ಬಟ್ಟೆ. ಇಲ್ಲದಿದ್ದರೆ ಕಣ್ಣಿಗೆ ಕಾಣದ ಗೀರುಗಳು ಬಿದ್ದು, ಬೆಳಗಿನ ಎಳೆಬಿಸಿಲು ಎದುರಿನಿಂದ ಬಂದಾಗ ಪೈಲಟ್‌ಗೆ ಹೆಲಿಪ್ಯಾಡೇ ಕಾಣದಂತಾಗುತ್ತದೆ.

ಬಾಲದ ಜಾಲರಿಯಲ್ಲಿ ಕೊಳವೆಗಿಂತ ಬೆಸುಗೆಯನ್ನು ನೋಡಬೇಕು. ಬಿರುಕು ಮೊದಲು ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆಯಾಗಿ ಬರುತ್ತದೆ, ಕೆಲವು ದಿನದಲ್ಲಿ ಆ ಗೆರೆಯ ಅಂಚಿಗೆ ಕಂದು ತುಕ್ಕು ಹಣಕುತ್ತದೆ. ಟಾರ್ಚನ್ನು ನೇರಕ್ಕೆ ಹಿಡಿದರೆ ಕಾಣುವುದಿಲ್ಲ, ಕೊಳವೆಗೆ ಸಮಾನಾಂತರವಾಗಿ ಓರೆಯಲ್ಲಿ ಬೆಳಕು ಬಿಡಬೇಕು. ಟೈಲ್ ಡ್ರೈವ್ ಶಾಫ್ಟಿನ ಪ್ರತಿ ಬೇರಿಂಗಿನ ಸುತ್ತ ಗ್ರೀಸ್ ಚೆಲ್ಲಿದೆಯೇ ನೋಡಿ. ಒಂದರ ಸುತ್ತ ಮಾತ್ರ ಕಪ್ಪು ಹುಡಿ ಸಿಡಿದಿದ್ದರೆ ಆ ಬೇರಿಂಗ್ ಬಿಸಿಯಾಗುತ್ತಿದೆ ಎಂದೇ ಅರ್ಥ. ಲಾಕ್ ವೈರ್ ಬೋಲ್ಟನ್ನು ಬಿಗಿಯುವ ಕಡೆಗೆ ಎಳೆಯುತ್ತಿರಬೇಕು. ಉಲ್ಟಾ ಕಟ್ಟಿದ ವೈರ್ ಇದ್ದೂ ಇಲ್ಲದಂತೆ.

ರೋಟರ್ ಹೆಡ್‌ಗೆ ಹೆಚ್ಚು ಹೊತ್ತು ಕೊಡಿ. ಮೂರು ಬ್ಲೇಡ್, 11.02 ಮೀಟರ್ ವ್ಯಾಸ. ಪ್ರತಿ ಬ್ಲೇಡಿಗೂ ಮೇಲೆ ಕೆಳಗೆ ಆಡಲು ಒಂದು ಕೀಲು, ಹಿಂದೆ ಮುಂದೆ ಆಡಲು ಇನ್ನೊಂದು, ಆ ಆಟ ತಡೆಯಲು ಹೈಡ್ರಾಲಿಕ್ ಡ್ರ್ಯಾಗ್ ಡ್ಯಾಂಪರ್, ಜೊತೆಗೆ ಬ್ಲೇಡ್‌ಗಳ ನಡುವಿನ ಅಂತರ ಕಾಯುವ ಕೇಬಲ್‌ಗಳು. ಗ್ರೀಸ್ ಹಾಕುವಾಗ ಹಳೆಯದು ಪೂರ್ತಿ ಹೊರಬಂದು ಹೊಸ ಬಣ್ಣ ಕಾಣುವವರೆಗೂ ಒತ್ತಬೇಕು. ಎರಡು ಸಲ ಒತ್ತಿ ಬಿಟ್ಟರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಕೇಬಲ್ ಮೇಲೆ ಹತ್ತಿಯ ಬಟ್ಟೆ ಸವರಿ. ಎಳೆ ಕಿತ್ತಿದ್ದರೆ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರಿಗೈ ಸವರಬೇಡಿ.

ಬ್ಲೇಡಿನ ಚರ್ಮ ಒಳಗಿನ ಸ್ಪಾರ್‌ಗೆ, ಅಂದರೆ ಬ್ಲೇಡಿನ ಬೆನ್ನೆಲುಬಿಗೆ, ಅಂಟಿನಿಂದ ಕೂತಿರುತ್ತದೆ. ಅದು ಬಿಟ್ಟುಕೊಂಡಿದೆಯೇ ಎಂದು ನೋಡಲು ನಾಣ್ಯವೊಂದು ಸಾಕು. ಬುಡದಿಂದ ತುದಿಯವರೆಗೆ ಹಗುರವಾಗಿ ತಟ್ಟುತ್ತಾ ಹೋಗಿ. ಗಟ್ಟಿಯಾಗಿ ಕೂತ ಜಾಗದಲ್ಲಿ ಸ್ಪಷ್ಟವಾದ ಟಣ್ ಬರುತ್ತದೆ, ಬಿಟ್ಟುಕೊಂಡಲ್ಲಿ ಒಡೆದ ಮಡಕೆಯನ್ನು ತಟ್ಟಿದ ಹಾಗೆ ಬೊದ್ದು ಸದ್ದು. ಅನುಮಾನ ಬಂದ ಜಾಗಕ್ಕೆ ಪೆನ್ಸಿಲಿನಿಂದಲ್ಲ, ಮೇಣದ ಬಳಪದಿಂದ ಗುರುತು ಹಾಕಬೇಕು. ಪೆನ್ಸಿಲಿನ ಗ್ರಾಫೈಟ್ ಅಲ್ಯೂಮಿನಿಯಂ ಮೇಲೆ ತುಕ್ಕಿಗೆ ದಾರಿ ಮಾಡುತ್ತದೆ. ಈ ಒಂದು ತಪಾಸಣೆಯನ್ನು ಅವಸರದಲ್ಲಿ ಮಾಡುವ ಹುಡುಗರನ್ನು ನಾನು ಕಟ್ಟುನಿಟ್ಟಾಗಿ ವಾಪಸ್ ಬುಡಕ್ಕೆ ಕಳಿಸುತ್ತಿದ್ದೆ.

ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಗೇರ್‌ಬಾಕ್ಸಿನ ಮ್ಯಾಗ್ನೆಟಿಕ್ ಪ್ಲಗ್ ತೆಗೆದಾಗ ಬೂದು ಬಣ್ಣದ ನುಣ್ಣನೆಯ ಕೆಸರು ಕಂಡರೆ ಗಾಬರಿ ಬೇಡ, ಅದು ಹಲ್ಲುಗಳು ಸಹಜವಾಗಿ ಸವೆದದ್ದು. ಬೆಳಕಿಗೆ ಹಿಡಿದಾಗ ಮಿನುಗುವ ಚಕ್ಕೆ ಇದ್ದರೆ ಹೆಲಿಕಾಪ್ಟರ್ ಅಲ್ಲೇ ನಿಲ್ಲುತ್ತದೆ, ಹೆಲಿಕಾಪ್ಟರಿನ ದಾಖಲೆ ಪುಸ್ತಕವಾದ ಫಾರ್ಮ್ 700ರಲ್ಲಿ ಸ್ನ್ಯಾಗ್, ಅಂದರೆ ದೋಷ, ದಾಖಲಾಗುತ್ತದೆ, ಬರೆಯದೆ ಯಾರೂ ಊಟಕ್ಕೆ ಹೋಗುವಂತಿಲ್ಲ.

ಸ್ಟಾರ್ಟ್ ಮಾಡುವಾಗಿನ ದೊಡ್ಡ ಭಯ ಹಾಟ್ ಸ್ಟಾರ್ಟ್. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೊರಗಿದ್ದರೆ ಟರ್ಬೈನ್ ಬೇಗ ವೇಗಕ್ಕೆ ಬರುವುದಿಲ್ಲ, ಗಾಳಿ ಸಾಲದು, ಸುರಿದ ಇಂಧನ ಅಷ್ಟೂ ಉರಿದು ಟಿ4 ಅಂದರೆ ನಿಷ್ಕಾಸದ ಉಷ್ಣತೆ ಸರ್ರನೆ ಏರುತ್ತದೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರೂ ಹೀಗೇ. ಮುಳ್ಳು ಏರುವ ವೇಗ ನೋಡಿಯೇ ಇಂಧನ ಮುಚ್ಚಬೇಕು, ಕೆಂಪು ಗೆರೆ ಮುಟ್ಟಲಿ ಎಂದು ಕಾಯಬಾರದು. ಆಮೇಲೆ ಇಂಧನವಿಲ್ಲದೆ ಸುತ್ತಿಸಿ ಒಳಗಿನ ಆವಿ ಹೊರಹಾಕಿ, ಡ್ರೇನಿನಿಂದ ಉಳಿದ ಇಂಧನ ತೊಟ್ಟಿಕ್ಕಿ ನಿಲ್ಲುವವರೆಗೂ ಕಾಯಿರಿ. ಡ್ರೇನ್ ಕಟ್ಟಿಕೊಂಡಿದ್ದರೆ ಮುಂದಿನ ಸ್ಟಾರ್ಟಿನಲ್ಲಿ ಬೆಂಕಿ ಹಿಂದಕ್ಕೆ ಉಗುಳುವುದು ಖಂಡಿತ. ಎಂಜಿನ್ ಆರಿಸಿದ ಮೇಲೆ ಅದು ಪೂರ್ತಿ ನಿಲ್ಲಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಪ್ರತಿದಿನ ಬರೆದಿಡುವ ಅಭ್ಯಾಸ ಬಹಳ ಒಳ್ಳೆಯದು. ಆ ಅಂಕಿ ಇಳಿಯುತ್ತಾ ಬಂದರೆ ಬೇರಿಂಗೋ ಟರ್ಬೈನಿನ ಬ್ಲೇಡೋ ಎಲ್ಲೋ ಉಜ್ಜುತ್ತಿದೆ.

ಬ್ಲೇಡ್ ಟ್ರ್ಯಾಕಿಂಗ್‌ಗೆ, ಅಂದರೆ ಮೂರೂ ಬ್ಲೇಡಿನ ತುದಿ ಒಂದೇ ಎತ್ತರದಲ್ಲಿ ತಿರುಗುತ್ತಿದೆಯೇ ಎಂದು ನೋಡಲು, ಹಳೆಯ ಧ್ವಜದ ವಿಧಾನವನ್ನು ಈಗಿನ ಉಪಕರಣಗಳ ಜೊತೆಗೂ ಕಲಿಸಬೇಕು ಎನ್ನುವವನು ನಾನು. ಮೂರೂ ಬ್ಲೇಡಿನ ತುದಿಗೆ ಕೆಂಪು, ಹಳದಿ, ನೀಲಿ ಬಳಪ ಬಳಿಯಬೇಕು. ಕಂಬಕ್ಕೆ ಬಿಗಿದ ಬಿಳಿ ಬಟ್ಟೆಯನ್ನು ಪೈಲಟ್ ಕಣ್ಣಿಗೆ ಕಾಣುವ ಜಾಗದಲ್ಲಿ ನೆಟ್ಟಗೆ ಹಿಡಿದು, ನಿಧಾನವಾಗಿ ಒಳಕ್ಕೆ ವಾಲಿಸಿ, ಒಂದು ತಾಗು ತಾಗಿದ ಕೂಡಲೇ ಹಿಂದಕ್ಕೆ ತೆಗೆಯಬೇಕು. ಬಟ್ಟೆಯ ಮೇಲೆ ಮೂರು ಬಣ್ಣ ಒಂದರ ಮೇಲೊಂದು ಬಿದ್ದರೆ ಸರಿ. ಒಂದು ಬಣ್ಣ ಮೇಲೆ ನಿಂತರೆ ಆ ಬ್ಲೇಡ್ ಎತ್ತರದಲ್ಲಿ ಹಾರುತ್ತಿದೆ, ಅದರ ಓರೆ (ಪಿಚ್) ಬದಲಿಸುವ ಪಿಚ್ ಲಿಂಕ್ ಹೊಂದಿಸಬೇಕು. ನೆಲದಲ್ಲಿ ಸರಿಯಿದ್ದು ಮುಂದಕ್ಕೆ ಹಾರುವಾಗ ಮಾತ್ರ ಬೇರೆಯಾದರೆ ಲಿಂಕ್ ಮುಟ್ಟಬೇಡಿ, ಬ್ಲೇಡಿನ ಹಿಂದಿನ ಅಂಚಿನ ಸಣ್ಣ ತಗಡು, ಟ್ರಿಮ್ ಟ್ಯಾಬ್, ಬಗ್ಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ನಡುಕ ಯಾವ ಬಗೆಯದು ಎಂದು ಪೈಲಟ್ ಬಾಯಿಂದ ಬಿಡಿಸಿ ಕೇಳಿದರೆ ಅರ್ಧ ಕೆಲಸ ಆದಂತೆ. ರೋಟರ್ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುವುದರಿಂದ ಸುತ್ತಿಗೊಂದು ಕುಲುಕು ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ ಆರು. ಮೇಲೆ ಕೆಳಗೆ ಕುಲುಕಿದರೆ ಟ್ರ್ಯಾಕಿಂಗ್, ಪಕ್ಕಕ್ಕೆ ಎಳೆದಂತಿದ್ದರೆ ಬ್ಯಾಲೆನ್ಸ್ ಅಥವಾ ಡ್ಯಾಂಪರ್, ಪೆಡಲ್ ಮೇಲೆ ಕಾಲಿಟ್ಟಾಗ ಸಣ್ಣಗೆ ಝುಮ್ಮೆಂದರೆ ಟೈಲ್ ರೋಟರ್. ಸೋರಿದ ಡ್ಯಾಂಪರನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಬ್ಲೇಡ್‌ಗಳ ಅಂತರ ಕೆಟ್ಟು, ಆ ಓಲಾಟ ಕೆಳಗಿನ ಸ್ಕಿಡ್ ಅಥವಾ ಚಕ್ರದ ಓಲಾಟದ ಜೊತೆ ತಾಳ ಸೇರಿದರೆ ಗ್ರೌಂಡ್ ರೆಸೊನೆನ್ಸ್; ಕೆಲವೇ ಸೆಕೆಂಡಿನಲ್ಲಿ ಹೆಲಿಕಾಪ್ಟರ್ ಚೂರಾಗಬಹುದು. ರೋಟರ್ ಪೂರ್ತಿ ವೇಗದಲ್ಲಿದ್ದರೆ ತಕ್ಷಣ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಕಲೆಕ್ಟಿವ್ ಇಳಿಸಿ ಆರಿಸಬೇಕು.

ಇನ್ನು ಎತ್ತರದ ಮಾತು. ಆರ್ಟೂಸ್ಟ್‌ಗೆ 870 ಅಶ್ವಶಕ್ತಿಯ ತ್ರಾಣವಿದೆ, ಚೀತಾದಲ್ಲಿ ಬಳಸುವುದು 550 ಮಾತ್ರ. ಬೆಂಗಳೂರಿನಂಥ ಕಡೆ ಎಂಜಿನ್ನಿಗೆ ಇನ್ನೂ ಶಕ್ತಿ ಉಳಿದಿರುತ್ತದೆ, ಗೇರ್‌ಬಾಕ್ಸ್ ತಡೆದುಕೊಳ್ಳುವ ಮಟ್ಟವೇ ಮಿತಿ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಅದೇ ಶಕ್ತಿಗೆ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ, ಆಗ ಟಿ4 ಮಿತಿಯಾಗುತ್ತದೆ. ಅದಕ್ಕೇ ಪೈಲಟ್ ಹೊರಡುವ ಮೊದಲು ಉಷ್ಣತೆ, ಎತ್ತರ ನೋಡಿ ಕೋಷ್ಟಕದಿಂದ ಗರಿಷ್ಠ ಪಿಚ್ ಲೆಕ್ಕ ಹಾಕುತ್ತಾರೆ.

1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ವಶಕ್ಕೆ ಪಡೆಯುವ ಆಪರೇಷನ್ ಮೇಘದೂತ್ ಶುರುವಾದಾಗ ಬಿಲಾಫೊಂಡ್ ಲಾ ಕಣಿವೆಗೆ ಸೈನಿಕರನ್ನು ಇಳಿಸಿದ್ದು ಚೀತಾ. ಅಂದಿನಿಂದ ಸಿಯಾಚಿನ್‌ನ ಮೇಲಿನ ಪೋಸ್ಟ್‌ಗಳಿಗೆ ಅದೇ ಜೀವನಾಡಿ. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ 2016ರ ಫೆಬ್ರುವರಿಯಲ್ಲಿ ಹಿಮದಡಿ ಸಿಲುಕಿದ ಸೋನಂ ಪೋಸ್ಟ್ ಇರುವುದು 19,600 ಅಡಿಯಲ್ಲಿ. ಅಂಥ ಕಡೆ ಒಂದು ಸಲಕ್ಕೆ ಒಯ್ಯಲು ಸಾಧ್ಯವಾಗುವುದು ಬಹಳ ಕಡಿಮೆ ತೂಕ. 20 ಲೀಟರ್ ಸೀಮೆಎಣ್ಣೆಯ ಜೆರಿಕ್ಯಾನ್ 16 ಕಿಲೋ ಮೀರುತ್ತದೆ. ಒಂದೆರಡು ಕ್ಯಾನ್ ಇಟ್ಟರೆ ಹೊರೆ ಮುಗಿಯಿತು. ಆದ್ದರಿಂದ ಬೇಡದ ಸೀಟು, ಬಾಗಿಲು ಎಲ್ಲ ಕಳಚಿಡುತ್ತೇವೆ. ಇಂಧನ ಹೋಗಿಬರಲು ಬೇಕಾದಷ್ಟೇ, ಮೇಲೆ ಸ್ವಲ್ಪ ಮೀಸಲು. ಗಾಳಿ ಏಳುವ ಮೊದಲು, ತಂಪಿರುವಾಗಲೇ, ಬೆಳಗ್ಗೆ ಜೋಡಿಯಾಗಿ ಹೊರಡಬೇಕು. ಮೇಲೆ ಎಂಜಿನ್ ಆರಿಸುವಂತಿಲ್ಲ, ಅಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಖಾತ್ರಿಯಿಲ್ಲ. ರೋಟರ್ ತಿರುಗುತ್ತಿರುವಾಗಲೇ ಹೊರೆ ಇಳಿಸಿ ಹೊರಡಬೇಕು.

ಕೆಳಗೆ ನಮ್ಮ ಕೆಲಸ ರಾತ್ರಿಯಿಂದಲೇ ಶುರು. ಬ್ಯಾಟರಿ ಬಿಚ್ಚಿ ಬೆಚ್ಚನೆಯ ಕೋಣೆಗೆ ಒಯ್ಯಬೇಕು. ಎಂಜಿನ್ನಿನ ಬಾಯಿ ಮುಚ್ಚಿಯೇ ಇಡಬೇಕು. ಬೆಳಗ್ಗೆ ಮುಚ್ಚಳ ತೆಗೆದ ಮೇಲೆ ಬೆರಳು ಹಾಕಿ ಮಂಜುಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಸಣ್ಣ ಚೂರು ಹೀರಿಕೊಂಡರೂ ಎಂಜಿನ್ ಆರಬಹುದು. ಚಳಿಗೆ ರಬ್ಬರ್ ಸೀಲ್ ಬಿರುಸಾಗಿ ಹೈಡ್ರಾಲಿಕ್ ಎಣ್ಣೆ ತೊಟ್ಟಿಕ್ಕುತ್ತದೆ. ಬಿಸಿಗಾಳಿ ಕೊಟ್ಟ ಮೇಲೆ ನಿಂತರೆ ಸರಿ, ನಿಲ್ಲದಿದ್ದರೆ ಸೀಲ್ ಬದಲಿಸಿಯೇ ಹಾರಬೇಕು.

ವಯಸ್ಸಾದ ಹೆಲಿಕಾಪ್ಟರಿನಲ್ಲಿ ಕೈಕೊಡುವುದು ಹೆಚ್ಚಾಗಿ ದೊಡ್ಡ ಭಾಗವಲ್ಲ. ಬ್ಲೇಡ್, ಹಬ್, ಗೇರ್‌ಬಾಕ್ಸಿಗೆ ಗಂಟೆ ಲೆಕ್ಕದ ಆಯಸ್ಸಿದೆ, ಲಾಗ್ ಕಾರ್ಡ್ ಇದೆ, ಮುಗಿದಾಗ ಬದಲಾಗುತ್ತವೆ. ಲೆಕ್ಕಕ್ಕೆ ಸಿಗದೆ ಹಳತಾಗುವುದು ವೈರಿನ ಮೇಲ್ಪದರ, ಕ್ಲಿಪ್ಪಿನಡಿ ಉಜ್ಜಿದ ಪೈಪು, ಕನೆಕ್ಟರಿನೊಳಗಿನ ಹಸಿರು ತುಕ್ಕು. ಬಿಡಿಭಾಗಕ್ಕೆ ಕಾಯುವಾಗ ನಿಂತಿರುವ ಹೆಲಿಕಾಪ್ಟರಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಪ್ರತಿ ಬಿಚ್ಚುವಿಕೆಯಲ್ಲೂ ಒಂದು ಥ್ರೆಡ್ ಸವೆಯುತ್ತದೆ, ಒಂದು ಸೀಲ್ ಹಾಳಾಗುತ್ತದೆ, ಕೆಲಸ ಎರಡರಷ್ಟಾಗುತ್ತದೆ.

2022ರ ಏಪ್ರಿಲ್‌ನಲ್ಲಿ ಹಕೀಂಪೇಟೆಯಲ್ಲಿ ಚೇತಕ್‌ನ ಅರವತ್ತು ವರ್ಷದ ಸೇವೆಯನ್ನು ವಾಯುಪಡೆ ಸಂಭ್ರಮಿಸಿದ್ದು ಸರಿಯಾದದ್ದೇ, ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ ನಮ್ಮ ಪ್ರೀತಿಯನ್ನು ತೋರಿಸಿ ಹೊಸದು ತಡವಾದರೂ ಪರವಾಗಿಲ್ಲ ಎನ್ನುವುದು ತಪ್ಪು. ಇದಕ್ಕೆ ಎಂಜಿನ್ ಒಂದೇ. ಮೋಡ ಮುಚ್ಚಿದರೆ ಪೈಲಟ್‌ಗೆ ನೆರವಾಗುವ ಆಧುನಿಕ ಉಪಕರಣಗಳಿಲ್ಲ. ಬಿದ್ದಾಗ ಹೊಡೆತ ತಾಳಿಕೊಳ್ಳುವ ಸೀಟುಗಳಿಲ್ಲ. ಇದರ ಜಾಗಕ್ಕೆಂದೇ ಎಚ್‌ಎಎಲ್ ರೂಪಿಸಿದ ಲೈಟ್ ಯುಟಿಲಿಟಿ ಹೆಲಿಕಾಪ್ಟರ್ 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಅದನ್ನು ಕಟ್ಟಲೆಂದು ಮಾಡಿದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಆ ಹೊಸ ಹೆಲಿಕಾಪ್ಟರಿನಲ್ಲೂ ಎಂಜಿನ್ ಒಂದೇ, ಆದರೆ ಕಾಕ್‌ಪಿಟ್ ಈ ಕಾಲದ್ದು. ಹೊಸ ಹೆಲಿಕಾಪ್ಟರ್‌ಗಳು ಬಂದಂತೆ ಹಳೆಯದನ್ನು ಯಾವ ಕ್ರಮದಲ್ಲಿ ಇಳಿಸಬೇಕು ಎಂದು ನನ್ನನ್ನು ಕೇಳಿದರೆ, ಮೊದಲು ಹಿಮನದಿಯ ಚೀತಾ, ಆಮೇಲೆ ಹಡಗಿನ ಉಪ್ಪುಗಾಳಿಯಲ್ಲಿ ಸವೆಯುವ ನೌಕಾಪಡೆಯ ಚೇತಕ್, ಕೊನೆಗೆ ತರಬೇತಿಯ ಚೇತಕ್. ಬಯಲುಸೀಮೆಯ ತರಬೇತಿಯಲ್ಲಿ ಎಂಜಿನ್ ಕೈಕೊಟ್ಟರೆ ಇಳಿಸಲು ಕೆಳಗೆ ಹೊಲವಾದರೂ ಇರುತ್ತದೆ.