ಎಸ್ ಕಾರ್ಪೊರೇಷನ್‌ಗೆ ಬದಲಾಗುವ ಮೊದಲು ನಾನು ಹಾಕಿದ ಲೆಕ್ಕ

ಟೆಕ್ಸಸ್‌ನಲ್ಲಿ ನನ್ನದೊಂದು ಪುಟ್ಟ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಇದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮಾಲೀಕಳೂ ನಾನೇ, ಕೆಲಸಗಾರಳೂ ನಾನೇ. 2020ರಲ್ಲಿ ಖರ್ಚೆಲ್ಲ ಕಳೆದು 1,20,000 ಡಾಲರ್ ಲಾಭ ಉಳಿಯಿತು. ಟ್ಯಾಕ್ಸ್ ರಿಟರ್ನ್ ತುಂಬುವಾಗ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ (ಸ್ವಂತ ಉದ್ಯೋಗದವರು ಕಟ್ಟುವ ತೆರಿಗೆ) ಅಂತ ಒಂದು ಸಾಲು ಬಂತು, ಅದೊಂದೇ ಹತ್ತಿರ ಹತ್ತಿರ 17,000 ಡಾಲರ್. ಆದಾಯ ತೆರಿಗೆ ಬೇರೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಯುಗಾದಿಗೆ ಸೇರಿದ್ದಾಗ ಗೆಳತಿಯೊಬ್ಬಳು, "ನೀನು ಇನ್ನೂ ಎಸ್ ಕಾರ್ಪ್ ಮಾಡ್ಕೊಂಡಿಲ್ವಾ? ಸುಮ್ನೆ ದುಡ್ಡು ಕಳ್ಕೊಳ್ತಿದೀಯ" ಅಂದಳು. ಅವಳು ಹೇಳಿದ್ದರಲ್ಲಿ ಸತ್ಯ ಇತ್ತು. ಎಸ್ ಕಾರ್ಪ್, ಅಂದರೆ ಎಸ್ ಕಾರ್ಪೊರೇಷನ್, ಹೊಸ ಕಂಪನಿ ಅಲ್ಲ, ಇರುವ ಎಲ್‌ಎಲ್‌ಸಿಗೇ ತೆರಿಗೆ ಹಾಕುವ ಇನ್ನೊಂದು ರೀತಿ. ಸಾಮಾನ್ಯ ಎಲ್‌ಎಲ್‌ಸಿಯಲ್ಲಿ ಇಡೀ ಲಾಭದ ಮೇಲೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಸೇರಿ ಶೇ 15.3 ಕಟ್ಟಬೇಕು (ನಿಖರವಾಗಿ ಲಾಭದ ಶೇ 92.35ರ ಮೇಲೆ, ಸೋಷಿಯಲ್ ಸೆಕ್ಯುರಿಟಿಯ ಪಾಲು ಮಾತ್ರ ವರ್ಷಕ್ಕೊಂದು ಮಿತಿಯವರೆಗೆ). ಎಸ್ ಕಾರ್ಪೊರೇಷನ್ ಆದರೆ ನಮ್ಮದೇ ಕಂಪನಿಯಿಂದ ನಾವು ಸಂಬಳ ತಗೊಳ್ತೀವಿ. ಈ ಶೇ 15.3 ಆ ಸಂಬಳಕ್ಕೆ ಮಾತ್ರ. ಮಿಕ್ಕ ಲಾಭಕ್ಕೆ ಆದಾಯ ತೆರಿಗೆ ಇದೆ, ಇದು ಇಲ್ಲ.

ನನ್ನ ಕೆಲಸಕ್ಕೆ 75,000 ಸಂಬಳ ನ್ಯಾಯ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 17,000ದ ಜಾಗದಲ್ಲಿ 11,475. ಐದೂವರೆ ಸಾವಿರ ಉಳಿತಾಯ! ಸಂಬಳದ ಲೆಕ್ಕ ನೋಡುವ ಪೇರೋಲ್ ಸರ್ವಿಸ್, ಕಂಪನಿಗೆ ಬೇರೆ ರಿಟರ್ನ್, ನಿರುದ್ಯೋಗ ವಿಮೆಯ ತೆರಿಗೆ ಎಲ್ಲ ಸೇರಿ ವರ್ಷಕ್ಕೆ 2,000 ಹೋದರೂ ಮೂರೂವರೆ ಸಾವಿರ ಕೈಗೆ ಬರುತ್ತೆ ಅಂದುಕೊಂಡೆ.

ಆದರೆ ಒಂದು ವಿಷಯ ಬಿಟ್ಟುಹೋಗಿತ್ತು. ಅದಕ್ಕೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

2018ರಿಂದ ಸಣ್ಣ ವ್ಯಾಪಾರದ ಲಾಭದಲ್ಲಿ ಶೇ 20ರಷ್ಟನ್ನು ಆದಾಯದಿಂದ ಕಳೆಯಲು ಅವಕಾಶ ಇದೆ. ಕ್ಯೂಬಿಐ ಅಂತಾರೆ. ನಾವು ತಗೊಳ್ಳೋ ಸಂಬಳ ಈ ಲಾಭದ ಲೆಕ್ಕಕ್ಕೆ ಬರೋದಿಲ್ಲ. ಎಲ್‌ಎಲ್‌ಸಿಯಾಗಿದ್ದಾಗ, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್‌ನ ಅರ್ಧವನ್ನು ಲಾಭದಿಂದ ಕಳೆದ ಮೇಲೆ, ನನಗೆ 22,300 ಡಾಲರ್ ಕಡಿತ ಸಿಗುತ್ತಿತ್ತು. ಎಸ್ ಕಾರ್ಪ್ ಆದರೆ ಸಂಬಳ, ಅದರ ಮೇಲೆ ಕಂಪನಿ ಕಟ್ಟುವ ಅರ್ಧ ತೆರಿಗೆ, ಆ 2,000 ಖರ್ಚು ಎಲ್ಲ ಹೋಗಿ ಉಳಿಯುವ ಲಾಭ 37,000, ಕಡಿತ ಬರೀ 7,400. ನಮ್ಮ ಮನೆಯ ಆದಾಯ ಶೇ 22ರ ಸ್ಲ್ಯಾಬ್‌ನಲ್ಲಿತ್ತು. ಆ ಅರ್ಧ ತೆರಿಗೆಯ ಕಡಿತವೂ ಚಿಕ್ಕದಾಗುವುದನ್ನು ಸೇರಿಸಿದರೆ ಆದಾಯ ತೆರಿಗೆಯೇ ಸುಮಾರು 3,400 ಜಾಸ್ತಿ! ಉಳಿತಾಯವೆಲ್ಲ ಕರಗಿ ಐವತ್ತು ಡಾಲರ್‌ಗೆ ಬಂದು ನಿಂತಿತು. ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಅದೇ. ಆ ವರ್ಷ ಸುಮ್ಮನಾದೆ.

2021ರ ಕೊನೆಗೆ ಇನ್ನೊಂದು ದೊಡ್ಡ ಕಾಂಟ್ರಾಕ್ಟ್ ಸಿಕ್ಕಿತು. ಮುಂದಿನ ವರ್ಷ ಲಾಭ 1,80,000 ಆಸುಪಾಸು ಅಂತ ಗೊತ್ತಾಯಿತು. ಜವಾಬ್ದಾರಿ ಹೆಚ್ಚಿತ್ತು, ಸಂಬಳವನ್ನೂ 90,000ಕ್ಕೆ ಏರಿಸಿ ಮತ್ತೆ ಲೆಕ್ಕ ಹಾಕಿದೆ. ಖರ್ಚು, ಕ್ಯೂಬಿಐ ನಷ್ಟ ಎಲ್ಲ ಕಳೆದರೂ ಸುಮಾರು 2,400 ಡಾಲರ್ ಉಳಿಯುತ್ತಿತ್ತು. ಆಗ ಹೂಂ ಅಂದೆ.

ಸಂಬಳವನ್ನು 30,000ಕ್ಕೆ ಇಳಿಸಿದರೆ ಇನ್ನೂ ಉಳಿಯುತ್ತಲ್ವಾ ಅಂತ ಕೆಲವರು ಕೇಳ್ತಾರೆ. ದಯವಿಟ್ಟು ಬೇಡ. ಐಯೋವಾದ ಅಕೌಂಟೆಂಟ್ ಡೇವಿಡ್ ವಾಟ್ಸನ್ ವರ್ಷಕ್ಕೆ 24,000 ಸಂಬಳ ತಗೊಂಡು, ಎರಡು ಲಕ್ಷದಷ್ಟನ್ನು ಲಾಭಾಂಶ ಅಂತ ತಗೊಂಡಿದ್ದರು. ಅವರ ಕೆಲಸದ ಬೆಲೆ 91,044 ಡಾಲರ್ ಅಂತ ಕೋರ್ಟ್ ಹೇಳಿತು, 2012ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ನಾನು ನನ್ನಂಥದ್ದೇ ಕೆಲಸದ ಜಾಹೀರಾತುಗಳನ್ನು ಹುಡುಕಿ, ಅದರಲ್ಲಿದ್ದ ಸಂಬಳವನ್ನು ಪ್ರಿಂಟ್ ತೆಗೆದು ಫೈಲ್‌ನಲ್ಲಿ ಇಟ್ಟಿದ್ದೇನೆ. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಏನಾದರೂ ಬೇಕಲ್ಲ.

ಇನ್ನು ಫಾರ್ಮ್ 2553, ಅಂದರೆ ಎಸ್ ಕಾರ್ಪ್ ಆಗಲು ಅಮೆರಿಕದ ತೆರಿಗೆ ಇಲಾಖೆಗೆ ಕಳಿಸುವ ಅರ್ಜಿ. ಜನವರಿ 1ರಿಂದ ಜಾರಿಗೆ ಬರಬೇಕಾದರೆ ಮಾರ್ಚ್ 15ರೊಳಗೆ ಕಳಿಸಬೇಕು. ನಾನು ಫೆಬ್ರವರಿಯಲ್ಲೇ ತುಂಬಿದೆ. ಎಲ್‌ಎಲ್‌ಸಿಗೆ ಬೇರೆ ಫಾರ್ಮ್ ಬೇಕಿಲ್ಲ, ಇದೊಂದೇ ಸಾಕು. ಸಹಿ ಹಾಕಿ ಫ್ಯಾಕ್ಸ್ ಮಾಡುವ ಹಿಂದಿನ ದಿನ ಸೂಚನೆಗಳನ್ನು ಇನ್ನೊಮ್ಮೆ ಓದಿದೆ. ಓದಿದ್ದು ಒಳ್ಳೇದೇ ಆಯಿತು. ಟೆಕ್ಸಸ್‌ನಲ್ಲಿ ಗಂಡ ಹೆಂಡತಿ ಗಳಿಸಿದ್ದು ಇಬ್ಬರಿಗೂ ಸೇರುತ್ತೆ. ಹಾಗಾಗಿ ಕಂಪನಿ ನನ್ನ ಹೆಸರಲ್ಲಿದ್ದರೂ ನಮ್ಮ ಯಜಮಾನರ ಸಹಿಯೂ ಬೇಕಿತ್ತು. ಅವರು ಊಟಕ್ಕೆ ಕೂತಿದ್ದಾಗಲೇ ಸಹಿ ಹಾಕಿಸಿಕೊಂಡೆ. ಫ್ಯಾಕ್ಸ್ ಹೋದ ರಸೀದಿಯನ್ನು ಜೋಪಾನವಾಗಿ ಇಟ್ಟೆ. ಒಪ್ಪಿಗೆ ಪತ್ರ, ಅದರ ಹೆಸರು ಸಿಪಿ261, ಬಂದಾಗ ಒಂದು ಭಾರ ಇಳಿದಂತಾಯಿತು. ಮಾರ್ಚ್ 15 ತಪ್ಪಿದವರೂ ಎದೆಗುಂದಬೇಕಿಲ್ಲ. ಸರಿಯಾದ ಕಾರಣ ಇದ್ದರೆ ಮೂರು ವರ್ಷ 75 ದಿನದವರೆಗೆ ತಡವಾಗಿ ಕೇಳಿಕೊಳ್ಳುವ ದಾರಿ ಇದೆ.

ಅಷ್ಟರಲ್ಲಿ ಹಾಸನದಿಂದ ತಮ್ಮ ಫೋನ್ ಮಾಡಿದ. "ಅಕ್ಕಾ, ನಾನೂ ಸ್ವಲ್ಪ ದುಡ್ಡು ಹಾಕ್ತೀನಿ, ಶೇರ್ ಕೊಡು" ಅಂದ. ಪ್ರೀತಿಯಿಂದ ಕೇಳಿದ್ದು, ಆದರೂ ಇಲ್ಲ ಅನ್ನಲೇಬೇಕಾಯಿತು. ಎಸ್ ಕಾರ್ಪ್‌ನ ಶೇರು ಅಮೆರಿಕದ ಪ್ರಜೆ ಅಥವಾ ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಆದವರ ಕೈಯಲ್ಲಿ ಇರಬೇಕು. ಊರಲ್ಲಿರುವ ತಮ್ಮನಿಗೆ ಒಂದು ಶೇರು ಹೋದರೂ ಆ ದಿನವೇ ಎಸ್ ಸ್ಥಾನ ಹೋಗುತ್ತದೆ. ಗ್ರೀನ್ ಕಾರ್ಡ್ ಇಲ್ಲದೆ ವೀಸಾ ಮೇಲಿರುವ ನಮ್ಮವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿ ಅಲ್ಲೇ ಉಳಿದರೆ ತೆರಿಗೆಯ ನಿವಾಸಿ ಸ್ಥಾನವೇ ತಪ್ಪಬಹುದು. ಹೊರಡುವ ಮುಂಚೆ ಸಿಪಿಎ (ಅಧಿಕೃತ ಅಕೌಂಟೆಂಟ್) ಹತ್ತಿರ ಮಾತಾಡಿ.

ಆಮೇಲಿನ ಕೆಲಸ ಕಷ್ಟದ್ದಲ್ಲ, ಆದರೆ ಮರೆಯುವ ಹಾಗಿಲ್ಲ. ಸಂಬಳದ ತೆರಿಗೆಗೆ ಮೂರು ತಿಂಗಳಿಗೊಮ್ಮೆ ಫಾರ್ಮ್ 941. ಕಂಪನಿಯ ರಿಟರ್ನ್, 1120-ಎಸ್, ಮಾರ್ಚ್ 15ಕ್ಕೇ ಹೋಗಬೇಕು. ತಡವಾದರೆ ತೆರಿಗೆ ಬಾಕಿ ಇಲ್ಲದಿದ್ದರೂ ದಂಡ ಇದೆ. 2022ರ ರಿಟರ್ನ್‌ಗೆ ಅದು ಶೇರುದಾರರೊಬ್ಬರಿಗೆ ತಿಂಗಳಿಗೆ 220 ಡಾಲರ್ ಇತ್ತು. ಕಂಪನಿ ಖಾತೆಯಿಂದ ದಿನಸಿ ತರುವ ಅಭ್ಯಾಸವನ್ನೂ ಬಿಟ್ಟೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೊಂದು ಅನುಕೂಲ. ಕ್ಯಾಲಿಫೋರ್ನಿಯಾದಲ್ಲಿರುವವರು ಲಾಭದ ಮೇಲೆ ಶೇ 1.5, ಕಡಿಮೆ ಅಂದರೂ 800 ಡಾಲರ್ ಕಟ್ಟುತ್ತಾರೆ.

ಹೋದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಕೇಳಿದಳು. ಮನೆಯಿಂದಲೇ ಡಿಸೈನ್ ಕೆಲಸ, ಲಾಭ 60,000, ಅವಳ ಕೆಲಸಕ್ಕೆ ನ್ಯಾಯವಾದ ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ಈಗ ಬೇಡಮ್ಮ ಅಂದೆ. ಡಿಸೆಂಬರ್‌ನಲ್ಲಿ ನಿನ್ನ ಲೆಕ್ಕದ ಪುಸ್ತಕ ತಗೊಂಡು ಬಾ, ಕ್ಯೂಬಿಐ ಸೇರಿಸಿ ಇಬ್ಬರೂ ಕೂತು ಲೆಕ್ಕ ಹಾಕೋಣ ಅಂತ ಹೇಳಿದ್ದೇನೆ.