ರಿಕ್ರೂಟರ್ ಫೋನ್ ಎತ್ತದಿದ್ದಾಗ: ಅಮೆರಿಕದ ಆರ್ಮಿಗೆ ಎರಡನೇ ಸಲ ಸೇರಿದ ನನ್ನ ಅನುಭವ

ಅಮೆರಿಕದ ಆರ್ಮಿಗೆ ಜನ ಸಿಗುತ್ತಿಲ್ಲ ಅಂತ 2022, 2023ರಲ್ಲಿ ಇಲ್ಲಿನ ಪೇಪರ್‌ಗಳು ಮೇಲಿಂದ ಮೇಲೆ ಬರೆದವು. ಸುಳ್ಳೇನಲ್ಲ. 2022ರಲ್ಲಿ 60,000 ಜನ ಬೇಕಿದ್ದ ಕಡೆ ಸುಮಾರು 15,000 ಕಡಿಮೆ ಬಿತ್ತು. ಮರುವರ್ಷವೂ ಸುಮಾರು 10,000 ಕೊರತೆ. ಅದೇ 2023ರಲ್ಲಿ ನಾನು, ನಾಲ್ಕು ವರ್ಷ ಆ ಆರ್ಮಿಯಲ್ಲೇ ದುಡಿದು ಹೊರಬಂದವಳು, ಮತ್ತೆ ಸೇರುತ್ತೇನೆ ಅಂತ ಕೇಳಿಕೊಂಡರೆ ಆರ್ಮಿಗೆ ಜನ ಸೇರಿಸುವ ರಿಕ್ರೂಟರ್ ಒಂದು ಮೆಸೇಜಿಗೂ ಉತ್ತರ ಕೊಡಲಿಲ್ಲ.

ನಾನು ದಾವಣಗೆರೆಯವಳು. ಮದುವೆಯಾಗಿ ಟೆಕ್ಸಾಸ್‌ಗೆ ಬಂದೆ. ಗ್ರೀನ್ ಕಾರ್ಡ್ ಕೈಯಲ್ಲಿದ್ದಾಗ 2014ರಲ್ಲಿ ಆರ್ಮಿ ಸೇರಿದೆ, ಸರ್ವಿಸ್‌ನಲ್ಲಿದ್ದಾಗಲೇ ಪೌರತ್ವವೂ ಸಿಕ್ಕಿತು. ನನ್ನ ಟ್ರೇಡ್ 92ವೈ, ಅಂದರೆ ಯೂನಿಟ್‌ನ ಸಪ್ಲೈ ರೂಮ್ ಕೆಲಸ. ಯಾರಿಗೆ ಯಾವ ಸಾಮಾನು ಕೊಟ್ಟೆವು, ಯಾರ ಸಹಿ ಇದೆ, ಯಾವುದು ವಾಪಸ್ ಬಂದಿಲ್ಲ ಅಂತ ಲೆಕ್ಕ ಇಡುವುದು. ಟೆಕ್ಸಾಸ್‌ನಲ್ಲೇ ಇರುವ ಫೋರ್ಟ್ ಹುಡ್ ನೆಲೆಯಲ್ಲಿದ್ದೆ. (2023ರಲ್ಲಿ ಅದರ ಹೆಸರು ಫೋರ್ಟ್ ಕವಾಜೋಸ್ ಆಯಿತು, 2025ರಲ್ಲಿ ಮತ್ತೆ ಫೋರ್ಟ್ ಹುಡ್. ಬೋರ್ಡ್ ಬರೆಯುವವರಿಗಂತೂ ಒಳ್ಳೆ ಕೆಲಸ ಸಿಕ್ಕಿರಬೇಕು.) 2018ರಲ್ಲಿ ಮಗು ಚಿಕ್ಕದು ಅಂತ ಬಿಟ್ಟೆ.

ಮತ್ತೆ ಹೋಗುವ ಮನಸ್ಸು ಯಾಕೆ ಬಂತು ಅನ್ನುವುದು ಬೇರೆ ಕಥೆ. ಅವ್ವ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಕರೀದ ಮದುವಿಗೆ ಯಾಕವ್ವ ಹೋಗ್ತಿ? ಬೇಕಿದ್ರ ಅವರೇ ಕರೀತಾರ." ಅವರು ಕರೆಯುವುದಿಲ್ಲ, ಅದೇ ತೊಂದರೆ. ಯಾಕೆ ಅಂತ ನನಗೆ ಗೊತ್ತಾಗಿದ್ದು ಪಕ್ಕದ ಕೌಂಟಿಯ ರಿಕ್ರೂಟಿಂಗ್ ಆಫೀಸಿನಲ್ಲಿ ಒಬ್ಬ ಸ್ಟೇಷನ್ ಕಮಾಂಡರ್, ಅಂದರೆ ಆ ಆಫೀಸಿನ ಮುಖ್ಯಸ್ಥ, ಬಿಡಿಸಿ ಹೇಳಿದಾಗ.

ರಿಕ್ರೂಟರ್‌ಗೆ ತಿಂಗಳಿಗೆ ಇಷ್ಟು ಜನ ಅಂತ ಟಾರ್ಗೆಟ್ ಇರುತ್ತದೆ. ಆಗ ತಾನೇ ಹೈಸ್ಕೂಲ್ ಮುಗಿಸಿದ ಹುಡುಗನಿಗೆ ಹತ್ತಾರು ಟ್ರೇಡ್‌ಗಳು ತೆರೆದಿರುತ್ತವೆ, ಹಳೇ ದಾಖಲೆ ಅನ್ನುವುದೇ ಇರುವುದಿಲ್ಲ. ನನ್ನಂಥ ಪ್ರಯರ್ ಸರ್ವಿಸ್ ಫೈಲು, ಅಂದರೆ ಮೊದಲೇ ಸರ್ವಿಸ್ ಮಾಡಿ ಬಿಟ್ಟವರದ್ದು, ಹಾಗಲ್ಲ. ಹಳೇ ಡಿಸ್ಚಾರ್ಜ್ ಕಾಗದ ನೋಡಬೇಕು, ವಿಎ (ಮಾಜಿ ಸೈನಿಕರನ್ನ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ಕೊಡುವ ಪರಿಹಾರ ಬರುತ್ತಿದೆಯಾ ಕೇಳಬೇಕು, ರ‍್ಯಾಂಕ್ ಎಷ್ಟು ಕೊಡಬಹುದು ಅಂತ ಮೇಲಿನವರಿಗೆ ಬರೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಪ್ರಯರ್ ಸರ್ವಿಸ್‌ನವರಿಗೆ ಜಾಗ ಇರುವುದು ಕೆಲವೇ ಟ್ರೇಡ್‌ಗಳಲ್ಲಿ, ಆ ಪಟ್ಟಿಯೂ ಆಗಾಗ ಬದಲಾಗುತ್ತದೆ. ಕೆಲಸ ಜಾಸ್ತಿ, ಕೊನೆಗೆ ಏನೂ ಸಿಗದೇ ಹೋಗಬಹುದು. ಹಾಗಾಗಿ ಮೆಸೇಜ್ ನೋಡಿ ಸುಮ್ನೆ ಕೆಳಗೆ ತಳ್ಳುತ್ತಾರೆ. ಇಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಇನ್ನೊಂದು ವಿಷಯ, ಈ ಕೆಲಸಕ್ಕೆ ಹಾಕಿದ ಸಾರ್ಜೆಂಟ್‌ಗಳು ಸುಮಾರು ಮೂರು ವರ್ಷಕ್ಕೆ ಬೇರೆ ಕಡೆ ಹೋಗುತ್ತಾರೆ. ನನ್ನ ಕಾಗದ ಇಟ್ಟುಕೊಂಡಿದ್ದ ಮೊದಲನೆಯವನು ಹಾಗೇ ಹೋದ. ಅವನ ಜಾಗಕ್ಕೆ ಬಂದವನಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ.

ಇದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು, ಕೆಲಸದ ದಾರಿಯೂ ಬದಲಾಯಿತು. ರಿಕ್ರೂಟರ್ ಮಾಡಬೇಕಾದ ಕೆಲಸದಲ್ಲಿ ನನ್ನ ಕೈಲಾಗುವುದನ್ನೆಲ್ಲ ನಾನೇ ಮಾಡಿಟ್ಟೆ.

ಮೊದಲನೆಯದು ಡಿಡಿ-214. ಸರ್ವಿಸ್ ಬಿಟ್ಟಾಗ ಕೊಡುವ ಕಾಗದ. ಅದರಲ್ಲಿ ಮೆಂಬರ್-4 ಅನ್ನುವ ಪ್ರತಿಯೇ ಬೇಕು. ಮೆಂಬರ್-1 ಪ್ರತಿಯಲ್ಲಿ ಕೆಳಗಿನ ಮುಖ್ಯವಾದ ಬಾಕ್ಸ್‌ಗಳೇ ಇರುವುದಿಲ್ಲ. 24ನೇ ಬಾಕ್ಸ್‌ನಲ್ಲಿ ಆನರಬಲ್ (ಗೌರವದ ಬಿಡುಗಡೆ) ಅಂತ ಇದೆಯಾ, 26ರಲ್ಲಿ ಬಿಟ್ಟ ಕಾರಣದ ಕೋಡ್ ಏನು, 27ರಲ್ಲಿ ಆರ್‌ಇ ಕೋಡ್ ಎಷ್ಟು, ಇವನ್ನ ನೋಡಿಕೊಳ್ಳಿ. ಆರ್ಮಿಯಲ್ಲಿ ಆರ್‌ಇ-1 ಅಂದರೆ ಮತ್ತೆ ಸೇರಲು ಅಡ್ಡಿಯಿಲ್ಲ. ಆರ್‌ಇ-3 ಅಂದರೆ ವೇವರ್ (ಮೇಲಿನವರ ವಿಶೇಷ ವಿನಾಯಿತಿ) ಬೇಕು. ಆರ್‌ಇ-4 ಇದ್ದರೆ ರಿಕ್ರೂಟರ್ ಹಿಂದೆ ಅಲೆದು ಪ್ರಯೋಜನ ಇಲ್ಲ ಅಂತಲೇ ಇಟ್ಟುಕೊಳ್ಳಿ. ಪಕ್ಕದ ಕೌಂಟಿಯಲ್ಲಿ ಕಾಗದ ಮೇಜಿನ ಮೇಲಿಟ್ಟಾಗ ಆ ಸ್ಟೇಷನ್ ಕಮಾಂಡರ್ ನನ್ನ ಹೆಸರು ಕೂಡ ಓದಲಿಲ್ಲ. ಬೆರಳು ನೇರ ಕೆಳಗೆ ಹೋಗಿ 27ರ ಮೇಲೆ ನಿಂತಿತು. ಆಮೇಲೆ ತಲೆ ಎತ್ತಿ "ಕೂತ್ಕೊಳ್ಳಿ" ಅಂದ.

ಎರಡನೆಯದು ಆಸ್ಪತ್ರೆ ಕಾಗದ. 2022ರಿಂದ ಮೆಪ್ಸ್‌ನಲ್ಲಿ, ಅಂದರೆ ವೈದ್ಯಕೀಯ ಪರೀಕ್ಷೆ ಮಾಡಿ ಪ್ರಮಾಣ ಮಾಡಿಸುವ ಕೇಂದ್ರದಲ್ಲಿ, ಜೆನೆಸಿಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಹೊರಗಿನ ಆಸ್ಪತ್ರೆಗಳ ದಾಖಲೆಯೂ ಅದರಲ್ಲಿ ಕಾಣಿಸಬಹುದು. ಆರ್ಮಿ ಬಿಟ್ಟ ಮೇಲೆ ನಾನು ಮೊಣಕಾಲಿಗೆ ಸ್ವಲ್ಪ ದಿನ ಫಿಸಿಯೋಥೆರಪಿ ತಗೊಂಡಿದ್ದೆ. ನಾನು ಹೇಳದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಆ ಡಾಕ್ಟರ್ ಹತ್ತಿರ ಹೋಗಿ, ನೋವು ವಾಸಿಯಾಗಿದೆ, ಓಡಲು ಭಾರ ಎತ್ತಲು ಏನೂ ತೊಂದರೆಯಿಲ್ಲ ಅಂತ ಬರೆಸಿಕೊಂಡು ಬಂದೆ. ಕಿವಿಯಲ್ಲಿ ಗುಂಯ್‌ಗುಟ್ಟುವುದಕ್ಕೆ ವಿಎ ಶೇ. 10 ಕೊಟ್ಟಿದೆ, ಆ ಪತ್ರವನ್ನೂ ಜೊತೆಗಿಟ್ಟೆ.

ಮೂರನೆಯದು ಮೇಲ್. "ನಮಸ್ಕಾರ, ಮತ್ತೆ ಸೇರಲು ಆಸಕ್ತಿ ಇದೆ" ಅಂತ ಬರೆಯುವುದನ್ನ ಬಿಟ್ಟೆ. ವಿಷಯದ ಸಾಲಿನಲ್ಲೇ ಪ್ರಯರ್ ಸರ್ವಿಸ್, 92ವೈ, ಆರ್‌ಇ-1, ಆನರಬಲ್ ಅಂತ ಹಾಕಿದೆ. ಒಳಗೆ ಐದಾರು ಸಾಲು: ಬಿಟ್ಟ ವರ್ಷ, ರ‍್ಯಾಂಕ್, ಮನೆಯಲ್ಲಿ ನನ್ನನ್ನ ಅವಲಂಬಿಸಿದವರು ಎಷ್ಟು ಜನ, ವಿಎ ಶೇಕಡಾ, ಜೊತೆಗಿಟ್ಟ ಕಾಗದಗಳು. ಕೊನೆಯಲ್ಲಿ ಮಂಗಳವಾರ ಹತ್ತಕ್ಕೆ ಆಫೀಸಿಗೆ ಬರುತ್ತೇನೆ ಅಂತ. ಬರಲಾ ಅಂತ ಕೇಳಲಿಲ್ಲ. ರಿಕ್ರೂಟರ್ ಜೊತೆ ಸ್ಟೇಷನ್ ಕಮಾಂಡರ್‌ಗೂ ಅದೇ ಮೇಲ್ ಹೋಯಿತು. ಒಬ್ಬ ವರ್ಗವಾದರೂ ಇನ್ನೊಬ್ಬರ ಹತ್ತಿರ ದಾಖಲೆ ಉಳಿಯಲಿ ಅಂತ.

ಆಫೀಸಿನಲ್ಲಿ "ಜಾಗ ಬಂದಾಗ ಹೇಳ್ತೀವಿ" ಅಂದರೆ ಅಲ್ಲಿಂದ ಏಳಬೇಡಿ. ನಾನು ಕೇಳಿದ್ದು ಇಷ್ಟೇ: "ನಿಂತಿರುವುದು ಕೋಡ್‌ನಲ್ಲಾ, ಮೆಡಿಕಲ್‌ನಲ್ಲಾ, ಜಾಗದಲ್ಲಾ?" ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ. ನನಗೆ ಸಿಕ್ಕ ಉತ್ತರ ಜಾಗ. ಪೂರ್ಣಾವಧಿ ಆರ್ಮಿಯಲ್ಲಿ ಆಗ 92ವೈ ಪ್ರಯರ್ ಸರ್ವಿಸ್‌ನವರಿಗೆ ಇರಲಿಲ್ಲ. ನಿರಾಸೆಯಾಯಿತು, ಆದರೂ ಅಷ್ಟು ದಿನದಲ್ಲಿ ಸಿಕ್ಕ ಮೊದಲ ನೆಟ್ಟಗಿನ ಉತ್ತರ ಅದು.

ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಆಫೀಸಿಗೆ ದೂರು ಬರೆಯಿರಿ ಅಂತ ಕೆಲವು ಹಳೇ ಸ್ನೇಹಿತರು ಹೇಳಿದರು. ಫೈಲು ಒಳಗೆ ಹೋಗಿ ತಿಂಗಳುಗಟ್ಟಲೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಅದು ಸರಿ. ಫೋನ್ ಎತ್ತಲಿಲ್ಲ ಅನ್ನುವುದಕ್ಕೆ ಅದು ಅತಿಯಾಯಿತು. ಸ್ಟೇಷನ್ ಕಮಾಂಡರ್ ಮೇಲೆ ಕಂಪನಿ, ಅದರ ಮೇಲೆ ಬೆಟಾಲಿಯನ್ ಇದೆ, ಮೊದಲು ಅಲ್ಲಿ ಕೇಳಬಹುದು.

ನನಗೆ ಬಾಗಿಲು ತೆರೆದಿದ್ದು ಆರ್ಮಿ ರಿಸರ್ವ್. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ರಿಸರ್ವ್‌ನಲ್ಲಿ ಜಾಗ ಅನ್ನುವುದು ನಿಮ್ಮ ಮನೆಯಿಂದ ಹೋಗಿಬರುವ ದೂರದ ಯೂನಿಟ್‌ನಲ್ಲಿ ಖಾಲಿ ಇರಬೇಕು. ರಿಕ್ರೂಟರ್ ಹುಡುಕಲಿ ಅಂತ ಕಾಯದೆ ನಾನೇ ಸುತ್ತಲಿನ ಯೂನಿಟ್‌ಗಳಿಗೆ ಫೋನ್ ಮಾಡಿದೆ. ಅಲ್ಲಿ ವಾರವಿಡೀ ಕೂರುವ ಒಬ್ಬರೋ ಇಬ್ಬರೋ ಸಿಬ್ಬಂದಿ ಇರುತ್ತಾರೆ. ಅವರಿಗೆ ಟಾರ್ಗೆಟ್ ಗೋಜಿಲ್ಲ, ಜನ ಬೇಕು ಅಷ್ಟೆ. ಸಪ್ಲೈ ರೂಮ್ ನಡೆಸಿದವಳು ಅಂದ ಕೂಡಲೇ ಒಂದು ಕಡೆ ದನಿಯೇ ಬದಲಾಯಿತು. "ನಮ್ಮಲ್ಲಿ ಸಪ್ಲೈ ನೋಡುವವರೇ ಇಲ್ಲ, ಯಾವಾಗ ಬರ್ತೀರಿ?" ಆ ಖಾಲಿ ಹುದ್ದೆಯ ವಿವರ ಬರೆದುಕೊಂಡು ರಿಕ್ರೂಟರ್ ಮುಂದೆ ಇಟ್ಟೆ. ಯೂನಿಟ್‌ನವರೂ ಅವನಿಗೆ ಫೋನ್ ಮಾಡಿದರು. ಆಮೇಲೆ ಫೋನ್ ಎತ್ತುವುದೇನು, ಅವನೇ ಮಾಡತೊಡಗಿದ.

ಒಂದು ಮಾತು. ಮೊದಲ ಸಲ ಸಹಿ ಹಾಕಿದಾಗ ಎಲ್ಲರದ್ದೂ ಒಟ್ಟು ಎಂಟು ವರ್ಷದ ಬಾಧ್ಯತೆ. ನಾಲ್ಕು ವರ್ಷಕ್ಕೆ ಹೊರಬಂದವರು ಉಳಿದ ನಾಲ್ಕು ವರ್ಷ ಐಆರ್‌ಆರ್ ಅನ್ನುವ, ಬೇಕಾದರೆ ಮತ್ತೆ ಕರೆಯಬಹುದಾದವರ ಪಟ್ಟಿಯಲ್ಲಿರುತ್ತಾರೆ. ನನ್ನದು 2022ಕ್ಕೇ ಮುಗಿದಿತ್ತು. ನಿಮ್ಮದು ಇನ್ನೂ ಇದ್ದರೆ ರಿಸರ್ವ್ ಯೂನಿಟ್‌ಗೆ ಹೋಗುವುದು ಹೊಸದಾಗಿ ಸೇರಿದ ಹಾಗಲ್ಲ, ಬರೀ ವರ್ಗಾವಣೆ. ಅದನ್ನ ನೋಡಿಕೊಳ್ಳುವವರು ರಿಸರ್ವ್‌ನ ಕರಿಯರ್ ಕೌನ್ಸೆಲರ್‌ಗಳು. ರಿಕ್ರೂಟರ್ ಹಿಂದೆ ಅಲೆಯುವ ಮೊದಲು ಈ ದಿನಾಂಕ ನೋಡಿಕೊಳ್ಳಿ.

ಮೆಪ್ಸ್‌ನಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗಿಯರ ಜೊತೆ ಕುಕ್ಕರುಗಾಲಿನಲ್ಲಿ ಕೂತು ಕೋಣೆಯ ಆ ತುದಿಯವರೆಗೆ ನಡೆದೆ. ಡಕ್ ವಾಕ್ ಅಂತಾರೆ ಅದನ್ನ. ಮೊಣಕಾಲು ಸದ್ದು ಮಾಡಿತು, ನೋವಾಗಲಿಲ್ಲ. ಡಾಕ್ಟರ್ ಬರೆದ ಪತ್ರ ಅಲ್ಲೇ ಫೈಲಿನಲ್ಲಿತ್ತು, ಹೆಚ್ಚು ಕೇಳಲಿಲ್ಲ. ಕಿವಿಗೆ ವೇವರ್ ಬೇಕಾಯಿತು, ಅದು ಬರಲು ತಡವಾಯಿತು. ಹಳೇ ರ‍್ಯಾಂಕ್ ಸ್ಪೆಷಲಿಸ್ಟ್ ಹಾಗೇ ಉಳಿಯಿತು.

ವಿಎ ದುಡ್ಡಿನ ವಿಷಯ ಮಾತ್ರ ಆಫೀಸಿನಲ್ಲಿ ಯಾರೂ ಹೇಳಿರಲಿಲ್ಲ, ಯೂನಿಟ್‌ನಲ್ಲಿ ಹೇಳಿದರು. ಡ್ರಿಲ್ (ರಿಸರ್ವ್‌ನ ತರಬೇತಿ) ಮಾಡಿದ ದಿನಕ್ಕೆ ಸಂಬಳ, ಪರಿಹಾರ ಎರಡನ್ನೂ ತಗೊಳ್ಳುವ ಹಾಗಿಲ್ಲ. 21-8951 ಅನ್ನುವ ಫಾರ್ಮ್‌ನಲ್ಲಿ ಯಾವುದನ್ನ ಬಿಡುತ್ತೀರಿ ಅಂತ ಬರೆದು ಕೊಡಬೇಕು. ನಾನು ಆ ದಿನಗಳ ಪರಿಹಾರ ಬಿಡುತ್ತೇನೆ. ಶೇ. 10ರ ದುಡ್ಡಿಗಿಂತ ಡ್ರಿಲ್ ಸಂಬಳ ಜಾಸ್ತಿ.