ಚೀಟಿ ಕೈಗೆ ಬಾರದೆ ಕೌಂಟರ್ ಬಿಡಬೇಡಿ: ಸಕಾಲ ಬಳಸುವ ಬಗೆ

ಜೂನ್ ಬಂತೆಂದರೆ ಕುಂದಗೋಳ, ಶಿರಹಟ್ಟಿ, ಹಾನಗಲ್ ಎನ್ನದೆ ಎಲ್ಲ ಕಡೆ ನಾಡಕಚೇರಿಗಳ ಮುಂದೆ ಸಾಲು ಬೆಳೆಯುತ್ತದೆ. ಕಾಲೇಜು ಪ್ರವೇಶಕ್ಕೆ, ಹಾಸ್ಟೆಲ್ ಸೀಟಿಗೆ, ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಹೊಲದಲ್ಲಿ ಹೆಸರು ಬಿತ್ತನೆಯಾಗಿ ಎಡೆ ಹೊಡೆಯುವ ಕೆಲಸವೂ ಆಗಲೇ. ದಿನದ ದುಡಿಮೆ ಬಿಟ್ಟು ಬಂದವರಿಗೆ ಸಿಗುವ ಉತ್ತರ ‘ಮುಂದಿನ ವಾರ ಬನ್ನಿ’. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಳಿದಿರಬಹುದು, ಆದರೆ ಕೂಲಿ ಹೋದದ್ದು ಹೋದದ್ದೇ. ಕೆಲಸ ಯಾವ ದಿನದೊಳಗೆ ಆಗುತ್ತದೆ ಎಂದು ಕೇಳುವ ಹಕ್ಕನ್ನು ರಾಜ್ಯದ ಸಕಾಲ ಕಾಯ್ದೆ ಕೊಟ್ಟಿದೆ.

ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದದ್ದು ಮಧ್ಯಪ್ರದೇಶ, 2010ರಲ್ಲಿ. ಕರ್ನಾಟಕದ ಕಾಯ್ದೆ 2011ರದು. 2012ರ ಮಾರ್ಚ್ 1ರಂದು ಔರಾದ, ಚಿತ್ರದುರ್ಗ, ಪುತ್ತೂರು ತಾಲ್ಲೂಕುಗಳ ಜೊತೆ ನಮ್ಮ ಧಾರವಾಡದಲ್ಲೂ ಪ್ರಯೋಗ ನಡೆಯಿತು. ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಈಗ ಸೇವೆಗಳ ಸಂಖ್ಯೆ ಸಾವಿರ ದಾಟಿದೆ. ಕೇಂದ್ರವೂ 2011ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಇಂಥದೇ ಮಸೂದೆ ಮಂಡಿಸಿತ್ತು. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದು ಬಿದ್ದುಹೋಯಿತು. ಹಾಗಾಗಿ ಪಾಸ್‌ಪೋರ್ಟಿಗೋ ಅಂಚೆ ಕಚೇರಿಯ ಕೆಲಸಕ್ಕೋ ತಡವಾದರೆ ಸಕಾಲ ನೆರವಿಗೆ ಬಾರದು. ಇದು ರಾಜ್ಯದ ಕಚೇರಿಗಳಿಗೆ ಮಾತ್ರ.

ಹೊರಡುವ ಮುನ್ನ

ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ನಮ್ಮ ಭಾಗದಲ್ಲಿ ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪಡಿತರ ಚೀಟಿಯಲ್ಲಿ ಮಲ್ಲವ್ವ, ಆಧಾರ್‌ನಲ್ಲಿ ಮಲ್ಲಮ್ಮ, ಮಗನ ಶಾಲಾ ದಾಖಲೆಯಲ್ಲಿ ತಾಯಿಯ ಹೆಸರು ಮತ್ತೊಂದು. ಬರೆದುಕೊಂಡವರು ತಮಗೆ ಸರಿ ಕಂಡಂತೆ ತಿದ್ದಿದ್ದರ ಫಲ ಇದು. ತಿದ್ದುಪಡಿ ಬೇಕಿದ್ದರೆ ಪ್ರವೇಶದ ಗಡಿಬಿಡಿ ಶುರುವಾಗುವ ಮೊದಲೇ, ಏಪ್ರಿಲ್‌ನಲ್ಲೇ ಮಾಡಿಸಿ. ಯಾವ ಸೇವೆಗೆ ಯಾವ ದಾಖಲೆ, ಎಷ್ಟು ದಿನ ಎಂಬುದನ್ನು ಕಚೇರಿಯ ಸಕಾಲ ಫಲಕದಲ್ಲಿ ಓದಿಕೊಳ್ಳಿ.

ಅರ್ಜಿಯನ್ನು ನಾಡಕಚೇರಿಯಲ್ಲೇ ಕೊಡಬೇಕೆಂದಿಲ್ಲ. ಹಳ್ಳಿಯವರಿಗೆ ಗ್ರಾಮ ಒನ್, ಹುಬ್ಬಳ್ಳಿ-ಧಾರವಾಡದವರಿಗೆ ಕರ್ನಾಟಕ ಒನ್, ಮೊಬೈಲ್ ಬಳಸಬಲ್ಲವರಿಗೆ ಸೇವಾ ಸಿಂಧು ಇವೆ.

ಚೀಟಿ

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಪತ್ರ ಸಿಗಬೇಕು. ಅದರ ಮೇಲೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಇಡೀ ಕಾಯ್ದೆ ನಿಂತಿರುವುದು ಈ ಸಂಖ್ಯೆಯ ಮೇಲೆ ಎಂದರೆ ಹೆಚ್ಚಲ್ಲ. ‘ಅರ್ಜಿ ಇಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡುತ್ತೇವೆ’ ಎಂದರೆ ಒಪ್ಪಬೇಡಿ. ಎಂಟ್ರಿ ಆಗದ ಅರ್ಜಿ ಮೇಜಿನ ಮೇಲೆ ಎಷ್ಟು ದಿನ ಬಿದ್ದಿದ್ದರೂ ಸಕಾಲದ ಲೆಕ್ಕಕ್ಕೆ ಅದು ಬಂದೇ ಇಲ್ಲ. ‘ಸರ್ವರ್ ಇಲ್ಲ’ ಎನ್ನುವುದೂ ಉಂಟು, ಅದು ನಿಜವೂ ಇರಬಹುದು. ಆಗ ಅರ್ಜಿಯನ್ನು ವಾಪಸ್ ತೆಗೆದುಕೊಂಡು ಸರ್ವರ್ ಬಂದ ಮೇಲೆ ಕೊಡುವುದೇ ಮೇಲು.

ಚೀಟಿಯಲ್ಲಿರುವ ಮೊಬೈಲ್ ಸಂಖ್ಯೆ ನಿಮ್ಮದೇ ತಾನೆ? ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಸಿಕೊಂಡವರ ಚೀಟಿಯಲ್ಲಿ ಎಷ್ಟೋ ಸಲ ಅಂಗಡಿಯವನ ಸಂಖ್ಯೆಯೇ ಇರುತ್ತದೆ. ಎಸ್ಎಂಎಸ್ ಅವನಿಗೆ ಹೋಗುತ್ತದೆ, ಪ್ರಮಾಣಪತ್ರ ಸಿದ್ಧವಾಗಿದೆ ಎಂಬ ಸುದ್ದಿಗೆ ನೀವು ಅವನಿಗೇ ದುಡ್ಡು ಕೊಡಬೇಕಾಗುತ್ತದೆ.

ದಿನ ಎಣಿಸುವುದು

ಗಡುವು ಕೆಲಸದ ದಿನಗಳ ಲೆಕ್ಕದಲ್ಲಿದೆ. ಭಾನುವಾರ, ಸರ್ಕಾರಿ ರಜೆ, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು ಎಣಿಸಿ. ಅರ್ಜಿ ಎಲ್ಲಿಗೆ ಬಂತೆಂದು ಜಿಎಸ್‌ಸಿ ಸಂಖ್ಯೆ ಹಾಕಿ ಸಕಾಲ ಜಾಲತಾಣದಲ್ಲಿ ನೋಡಬಹುದು.

ಗಡುವು ಇನ್ನೇನು ಮುಗಿಯಿತು ಎನ್ನುವಾಗ ಏನೋ ಒಂದು ಕೊರತೆ ಹೇಳಿ ಅರ್ಜಿ ತಿರಸ್ಕರಿಸುವುದು ಹಳೆಯ ಚಾಳಿ. ಹಾಗೆ ಮಾಡಿದರೆ ವಿಲೇವಾರಿ ‘ಸಕಾಲದಲ್ಲಿ’ ಆಯಿತೆಂದೇ ದಾಖಲಾಗುತ್ತದೆ. ಸಮಯಕ್ಕೆ ಸರಿಯಾಗಿ ಮುಗಿದ ಅರ್ಜಿಗಳ ಶೇಕಡಾವಾರು ಲೆಕ್ಕವನ್ನು ಅಧಿಕಾರಿಗಳು ಹೇಳಿದಾಗ ನನಗೆ ಸಂಶಯ ಬರುವುದು ಇದಕ್ಕೇ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೊಡಲೇಬೇಕು. ಬಾಯಿಮಾತಿಗೆ ತಲೆಯಾಡಿಸಿ ಮನೆಗೆ ಬಂದರೆ ಮೇಲ್ಮನವಿಗೆ ಆಧಾರವೇ ಉಳಿಯುವುದಿಲ್ಲ.

ಮೇಲ್ಮನವಿ

ಗಡುವು ಮೀರಿದ ಅಥವಾ ಅರ್ಜಿ ತಿರಸ್ಕೃತವಾದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಕೊಡಬೇಕು. ಅವರು ಯಾರೆಂಬುದು ಸೇವೆಗೆ ತಕ್ಕಂತೆ ಬೇರೆ, ಫಲಕದಲ್ಲಿ ಇರುತ್ತದೆ. ವಕೀಲರ ಭಾಷೆ ಬೇಡ, ಇಷ್ಟು ಸಾಕು: ‘ಇಂಥ ದಿನಾಂಕದಂದು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿದ್ದೇನೆ. ಜಿಎಸ್‌ಸಿ ಸಂಖ್ಯೆ ಇದು. ಗಡುವು ಮೀರಿದೆ. ಸೇವೆಯನ್ನೂ ಪರಿಹಾರವನ್ನೂ ಕೊಡಿಸಬೇಕು.’ ಚೀಟಿಯ ಪ್ರತಿ ಲಗತ್ತಿಸಿ. ಅಲ್ಲಿಯೂ ಕೆಲಸವಾಗದಿದ್ದರೆ ಮೇಲ್ಮನವಿ ಪ್ರಾಧಿಕಾರವಿದೆ.

ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಒಂದು ದಿನದ ಕೂಲಿಗೂ ಸಾಲದ ಈ ಹಣಕ್ಕಾಗಿ ಯಾರು ಅಲೆಯುತ್ತಾರೆ ಎಂದು ಕೇಳುವವರಿದ್ದಾರೆ. ಆದರೂ ಕೇಳಿ. ಆ ಹಣ ತಡ ಮಾಡಿದ ನೌಕರರಿಂದ ವಸೂಲಾಗುವಂಥದ್ದು. ಮೊತ್ತ ಸಣ್ಣದಾದರೂ ಅದು ದಾಖಲೆಗೆ ಹೋಗುವುದು ಅವರಿಗೆ ಬೇಡವಾದ ಸಂಗತಿ.

ಚೀಟಿ ಇಲ್ಲದವರು

ಈಗಾಗಲೇ ಚೀಟಿ ಇಲ್ಲದೆ ಅರ್ಜಿ ಕೊಟ್ಟು ಕುಳಿತಿದ್ದರೆ ಹೊಸ ಅರ್ಜಿ ಹಾಕಿ ಸಂಖ್ಯೆ ಪಡೆಯಿರಿ. ಹಳೆಯದು ಏನಾಯಿತೆಂದು ತಿಳಿಯಲು ಮಾಹಿತಿ ಹಕ್ಕು ಇದೆ. ಅಲ್ಲಿಯೂ ರಾಜ್ಯಗಳೇ ಮುಂದಿದ್ದವು. ತಮಿಳುನಾಡು 1997ರಲ್ಲಿ, ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿದವು, ಕೇಂದ್ರದ್ದು ಬಂದದ್ದು 2005ರಲ್ಲಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಅರ್ಜಿ ಯಾವ ದಿನ ಯಾರ ಮೇಜಿನಲ್ಲಿತ್ತು ಎಂದು ಅದೇ ಕಚೇರಿಯ ಮಾಹಿತಿ ಅಧಿಕಾರಿಯನ್ನು ಕೇಳಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು.